ಅತ್ತಿಗೆ ಸಾಕಿದ ಸೊಳ್ಳೆಗಳು

ನಮ್ಮ ಬೀದಿಯಲ್ಲಿ ಕೋಳಿ ಸಾಕುವವರಿದ್ದರು, ಮೊಲ ಸಾಕುವವರಿದ್ದರು, ಮೂಲೆಮನೆಯ ಗಡಿಯಾರ ರಿಪೇರಿಯವರು ಪಾರಿವಾಳ ಸಾಕುತ್ತಿದ್ದರು. ನಮ್ಮ ಅತ್ತಿಗೆ ಸೊಳ್ಳೆ ಸಾಕುತ್ತಿದ್ದರು. ತಮಾಷೆಯಲ್ಲ, ಅದು ಅವರ ಉದ್ಯೋಗ. ಬಸ್ಸಿನ ಕೊನೆಯ ನಿಲ್ದಾಣದ ಆಚೆ ಒಂದು ಪ್ರಯೋಗಾಲಯವಿತ್ತು. ಮಲೇರಿಯಾಕ್ಕೆ ಲಸಿಕೆ ಕಂಡುಹಿಡಿಯಲು ಅಲ್ಲಿನವರು ವರ್ಷಗಳಿಂದ ಹೆಣಗುತ್ತಿದ್ದರು. ಅಲ್ಲಿನ ಸೊಳ್ಳೆಕೋಣೆ ನೋಡಿಕೊಳ್ಳುವವರು ಅತ್ತಿಗೆ. ಈ ಮಾತನ್ನು ಮೊದಲ ಸಲ ಕೇಳಿದವರು ಜೋರಾಗಿ ನಗುತ್ತಿದ್ದರು, ಆಮೇಲೆ ಸುಮ್ಮಸುಮ್ಮನೆ ಮೊಣಕೈ ಕೆರೆದುಕೊಳ್ಳುತ್ತಿದ್ದರು.

ನಾನು ಅವರ ನಾದಿನಿ. ಎದುರುಮನೆಯಲ್ಲಿ ಹೊಲಿಗೆ ಅಂಗಡಿ ನನ್ನದು; ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರು ಹೇಳುತ್ತಾರೆ. ಹೇಳಿಕೊಳ್ಳಲಿ, ಅವರೆಲ್ಲರ ಅಳತೆಯೂ ನನ್ನ ಹತ್ತಿರ ಇದೆ. ಅತ್ತಿಗೆಯ ಸೊಳ್ಳೆಗಳಿಗೂ ನನಗೂ ನಂಟು ಬೆಳೆದದ್ದು ಈ ಹೊಲಿಗೆಯಿಂದಲೇ. ಸೊಳ್ಳೆಗಳನ್ನು ಇಡುವ ಪಂಜರ ಒಂದು ಚೌಕಟ್ಟು, ಸುತ್ತಲೂ ಸೊಳ್ಳೆಪರದೆಯ ಬಟ್ಟೆ. ಒಂದು ಮಗ್ಗುಲಲ್ಲಿ ಮಾತ್ರ ಉದ್ದನೆಯ ಹತ್ತಿಬಟ್ಟೆಯ ತೋಳು. ಕೈಯನ್ನು ಆ ತೋಳಿನ ಮೂಲಕ ಒಳಗೆ ತೂರಿಸಿ ಕೆಲಸ ಮಾಡಬೇಕು, ಒಂದೂ ಸೊಳ್ಳೆ ಹೊರಗೆ ಬರಬಾರದು. ಅಂಗಿಗೆ ಎರಡು ತೋಳು ಹೊಲಿಯುವ ನಾನು ಆ ಪಂಜರಗಳಿಗೆ ಒಂದೊಂದೇ ತೋಳು ಹೊಲಿದುಕೊಡುತ್ತಿದ್ದೆ.

ಒಂದು ಸಲ ಅತ್ತಿಗೆ ನನ್ನನ್ನು ಆ ಕೋಣೆಗೆ ಕರೆದುಕೊಂಡು ಹೋಗಿದ್ದರು. ಒಳಗೆ ಹಬೆಯಂಥ ಸೆಕೆ, ಕಾಲಿಟ್ಟ ತಕ್ಷಣ ನನ್ನ ಕನ್ನಡಕ ಮಸುಕಾಯಿತು. ಬಿಳಿ ತಟ್ಟೆಗಳ ನೀರಿನಲ್ಲಿ ಮರಿಹುಳುಗಳು ಕೊಂಕಿ ಕೊಂಕಿ ಓಡಾಡುತ್ತಿದ್ದವು. ಅವಕ್ಕೆ ಅತ್ತಿಗೆ ಮೀನಿನ ತಿಂಡಿಯನ್ನು ನುಣ್ಣಗೆ ಪುಡಿಮಾಡಿ ಎರಡು ಬೆರಳಲ್ಲಿ ಉದುರಿಸುತ್ತಿದ್ದರು. ರೆಕ್ಕೆ ಬಂದವಕ್ಕೆ ಪಂಜರದಲ್ಲಿ ಸಕ್ಕರೆನೀರಿನ ಹತ್ತಿ, ಪಂಜರದ ಮೇಲೆ ಒದ್ದೆ ಟವೆಲು. ಇರುವೆ ಹತ್ತದಂತೆ ಮೇಜಿನ ಕಾಲುಗಳೆಲ್ಲ ನೀರಿನ ಬಟ್ಟಲಿನಲ್ಲಿ ನಿಂತಿದ್ದವು.

"ಅತ್ತಿಗೆ, ನಮ್ಮಣ್ಣನಿಗೆ ಇಷ್ಟು ಸೇವೆ ಮಾಡಿದ್ದೀರಾ ಯಾವತ್ತಾದ್ರೂ?" ಅಂದೆ.

"ನಿಮ್ಮಣ್ಣ ಬಾಯಿಬಿಟ್ಟು ಕೇಳ್ತಾರೆ. ಇವು ಕೇಳಲ್ಲ, ಸುಮ್ನೆ ಸತ್ತುಹೋಗ್ತವೆ" ಅಂದರು.

ಲಸಿಕೆಗೂ ಸೊಳ್ಳೆಗೂ ಏನು ಸಂಬಂಧ ಎಂದು ನನಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಆರೋಗ್ಯವಾಗಿರುವ ಕೆಲವರು ತಾವಾಗಿಯೇ ಮುಂದೆ ಬಂದು ಹೊಸ ಲಸಿಕೆಯನ್ನು ಚುಚ್ಚಿಸಿಕೊಳ್ಳುತ್ತಾರೆ. ಎಲ್ಲ ಚುಚ್ಚುಮದ್ದು ಮುಗಿದ ಮೇಲೆ ಗೊತ್ತುಮಾಡಿದ ದಿನ ಬಂದು, ಮಲೇರಿಯಾ ಹೊತ್ತ ಸೊಳ್ಳೆಗಳಿಂದ ಬೇಕೆಂದೇ ಕಚ್ಚಿಸಿಕೊಳ್ಳುತ್ತಾರೆ. ಡಾಕ್ಟರುಗಳು ಮಾತ್ರೆ ಪಕ್ಕದಲ್ಲಿಟ್ಟುಕೊಂಡು ದಿನಾ ಅವರ ರಕ್ತ ನೋಡುತ್ತಾರೆ. ಜ್ವರ ಬಂದರೆ ಲಸಿಕೆ ಸೋತಂತೆ, ಬರದಿದ್ದರೆ ಗೆದ್ದಂತೆ. ಆ ದಿನಕ್ಕೆ ಸರಿಯಾಗಿ ಗಟ್ಟಿಮುಟ್ಟಾದ ಸೊಳ್ಳೆಗಳು ಸಿದ್ಧವಿರಬೇಕು. ಇಲ್ಲದಿದ್ದರೆ ಅಷ್ಟೂ ಜನ ಚುಚ್ಚಿಸಿಕೊಂಡದ್ದು ದಂಡ, ವರ್ಷದ ಕೆಲಸ ನೀರುಪಾಲು.

ಈ ಕೆಲಸಕ್ಕೆ ಒಂದು ಕಟ್ಟುನಿಟ್ಟು ಇತ್ತು. ಸೊಳ್ಳೆಕೋಣೆಗೆ ಹೋಗುವವರ ಮೈಮೇಲೆ ಯಾವ ಪರಿಮಳವೂ ಇರಬಾರದು, ಸೊಳ್ಳೆ ಔಷಧಿಯಂತೂ ಸೋಕಿರಲೇಬಾರದು. ಪೌಡರ್ ಇಲ್ಲ, ಸೆಂಟ್ ಇಲ್ಲ, ಘಮಘಮ ಸೋಪಿಲ್ಲ. ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುವ ಹಾಗಿಲ್ಲ, ಏನನ್ನೂ ಸಿಂಪಡಿಸುವ ಹಾಗಿಲ್ಲ. ಹೊರಗಿನ ಸೊಳ್ಳೆ ಗಟ್ಟಿಪಿಂಡ, ಎಂಥ ಹೊಗೆಯನ್ನೂ ಕುಡಿದು ಬದುಕುತ್ತದೆ. ತಲೆತಲಾಂತರದಿಂದ ಪಂಜರದಲ್ಲೇ ಹುಟ್ಟಿ ಬೆಳೆದವು ಬಲು ನಾಜೂಕು. ಬಟ್ಟೆಗೆ ಅಂಟಿದ ಔಷಧಿ ಚೂರು ಸೋಕಿದರೂ ಕಾಲು ಮೇಲೆ ಮಾಡಿ ಬೀಳುತ್ತವೆ.

ಅಣ್ಣ ಬೇಕರಿಯ ಒಲೆಯ ಮುಂದೆ ಕೆಲಸ ಮಾಡುವವನು. ಅವನು ಬೀದಿಯ ತಿರುವಿಗೆ ಬರುವ ಮೊದಲೇ ಬ್ರೆಡ್ಡಿನ ವಾಸನೆ ಮನೆಗೆ ಬಂದಿರುತ್ತಿತ್ತು. "ನಾನು ಬಂದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಇವಳು ಬೆನ್ನ ಹಿಂದೆ ನಿಂತ್ರೂ ಗೊತ್ತಾಗಲ್ಲ. ಕಳ್ಳತನಕ್ಕೆ ಹೇಳಿ ಮಾಡಿಸಿದ ಹೆಂಗಸು" ಎಂದು ಅವನು ಛೇಡಿಸುತ್ತಿದ್ದ. ಬತ್ತಿಯಿಲ್ಲದ ಆ ಮನೆಯಲ್ಲಿ ಸಂಜೆಯಾದರೆ ಅವನು ತೊಡೆ ತೊಡೆ ಬಡಿದುಕೊಳ್ಳುತ್ತ ಕೂರುವುದನ್ನು ನೋಡಬೇಕಿತ್ತು. ಸೊಳ್ಳೆ ಸಾಕುವವರ ಮನೆಯಲ್ಲೇ ಎಲ್ಲರಿಗಿಂತ ಹೆಚ್ಚು ಸೊಳ್ಳೆಕಾಟ. ಕೊನೆಗೆ ನಾನೇ ಮರುಕಪಟ್ಟು, ಪಂಜರಕ್ಕೆ ತಂದ ಬಟ್ಟೆಯಲ್ಲಿ ಉಳಿದದ್ದನ್ನು ಕೂಡಿಸಿ ಅವರ ಮಂಚಗಳಿಗೆ ಪರದೆ ಹೊಲಿದುಕೊಟ್ಟೆ. ಅಂಚಿಗೆ ನೀಲಿ ಪಟ್ಟಿ ಕೊಟ್ಟಿದ್ದೆ. ನನ್ನ ಕೈಯ ಪರದೆ ಎಂದು ನಾಲ್ಕು ಜನ ಹೇಳಲಿ ಎಂಬ ಆಸೆ ನನಗೂ ಇತ್ತು.

ಹೀಗಿರುವಾಗ ಆ ಮನೆಗೆ ಪುಟ್ಟಿ ಬಂದಳು.

ಪುಟ್ಟಿ ಎಂದರೆ ಅಣ್ಣನ ಮಗಳ ಮಗಳು. ಅಳಿಯ ದೂರದೂರದ ಲಾರಿ ಓಡಿಸುವವನು, ತಿಂಗಳಲ್ಲಿ ಮುಕ್ಕಾಲು ಪಾಲು ರಸ್ತೆಯ ಮೇಲೇ ಇರುತ್ತಿದ್ದ. ಹಾಗಾಗಿ ಅಣ್ಣನ ಮಗಳು ಕೂಸಿನ ಜೊತೆ ಅಪ್ಪನ ಮನೆಯಲ್ಲೇ ಇದ್ದಳು. ಅತ್ತಿಗೆಗೆ ಆ ಕೂಸು ಎಂದರೆ ಪ್ರಾಣ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಕೊನೆಯ ಕೆಲಸವೆಂದರೆ ಪರದೆ ಎತ್ತಿ, ಒಳಗೆ ಬಾಗಿ, ನಿದ್ದೆಗಣ್ಣಿನ ಮಗುವನ್ನು ಎತ್ತಿ ಎರಡೂ ತೋಳಿನಲ್ಲಿ ತಬ್ಬಿಕೊಳ್ಳುವುದು. ಆಮೇಲೆ ಮತ್ತೆ ಮಲಗಿಸಿ, ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಅಂಗುಲ ಅಂಗುಲವಾಗಿ ಸಿಕ್ಕಿಸಿ, ಬಸ್ಸಿಗೆ ಓಡುವುದು. ಬಸ್ಸು ತಪ್ಪಿದರೂ ಇದು ಮಾತ್ರ ತಪ್ಪುತ್ತಿರಲಿಲ್ಲ.

ಮಗುವಿನ ಮುಖದ ಮೇಲೆ ಕೆಂಪು ಗುಳ್ಳೆ ಕಂಡಾಗಲೆಲ್ಲ ಅಣ್ಣನ ಮಗಳು ಕೆಂಡವಾಗುತ್ತಿದ್ದಳು. ನಮ್ಮ ಕಡೆ ಮಲೇರಿಯಾ ಮಳೆಗಾಲದ ನೆಂಟ, ಪ್ರತಿ ವರ್ಷ ಬೀದಿಗೊಂದಿಬ್ಬರನ್ನು ಮಲಗಿಸದೆ ಹೋಗದು. ಅವಳ ಹೆದರಿಕೆ ಸುಳ್ಳಾಗಿರಲಿಲ್ಲ.

"ಬತ್ತಿ ಹಚ್ಚಬಾರ್ದು, ಔಷಧಿ ಹೊಡೀಬಾರ್ದು. ನಿಂಗೆ ಮೊಮ್ಮಗಳಿಗಿಂತ ಸೊಳ್ಳೆನೇ ಹೆಚ್ಚಾ ಅಮ್ಮಾ?" ಎಂದು ಒಂದು ದಿನ ನನ್ನ ಮುಂದೆಯೇ ಕೇಳಿಬಿಟ್ಟಳು.

"ಪರದೆ ಇದೆಯಲ್ಲೇ" ಅಂದರು ಅತ್ತಿಗೆ.

"ಅತ್ತೆ ಹೊಲಿದ ಪರದೆ! ಹೊಲಿಗೆ ಬಿಟ್ಟು ಬಿಟ್ಟು ಜರಡಿ ಆಗಿದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಜರಡಿಯಂತೆ! ಎರಡು ದಿನ ಆ ಮನೆಯ ಕಡೆ ತಲೆಹಾಕಲಿಲ್ಲ.

ಆ ಮಳೆಗಾಲದ ಆರಂಭದಲ್ಲೇ ಪ್ರಯೋಗಾಲಯದಲ್ಲಿ ಸೊಳ್ಳೆಗಳು ಸಾಯತೊಡಗಿದವು. ಮೊದಲು ಒಂದು ಪಂಜರ, ಆಮೇಲೆ ಅದರ ಪಕ್ಕದ್ದು. ಬೆಳಿಗ್ಗೆ ನೋಡಿದರೆ ತಳದಲ್ಲಿ ಕರಿ ಎಳ್ಳು ಚೆಲ್ಲಿದ ಹಾಗೆ ಬಿದ್ದಿರುತ್ತಿದ್ದವಂತೆ. ಆ ಸಲದ ಪರೀಕ್ಷೆಗೆ ಜನರೆಲ್ಲ ಚುಚ್ಚಿಸಿಕೊಂಡು ಮುಗಿದಿತ್ತು, ಕಚ್ಚಿಸುವ ದಿನ ಗೊತ್ತಾಗಿತ್ತು. ಅತ್ತಿಗೆ ಊಟ ಬಿಟ್ಟರು. ನೀರು ಬದಲಿಸಿದರು, ಸಕ್ಕರೆ ಬದಲಿಸಿದರು, ಹತ್ತಿ ಬದಲಿಸಿದರು. ಸಾಯುವುದು ನಿಲ್ಲಲಿಲ್ಲ. ಒಂದು ಸಂಜೆ ನನ್ನ ಅಂಗಡಿಗೆ ಬಂದು, ಕತ್ತರಿಯನ್ನು ಎತ್ತಿಟ್ಟು ಇಳಿಸಿಟ್ಟು ಮಾಡಿ, ಕೊನೆಗೆ ಬಾಯಿಬಿಟ್ಟರು.

"ಹೊಸ ತೋಳಿನ ಬಟ್ಟೆ ಹೊಲಿಯೋಕೆ ಮುಂಚೆ ಒಗೆದಿದ್ದೆ ತಾನೆ?"

ಅಂಗಡಿಯಿಂದ ಬಂದ ಹೊಸ ಬಟ್ಟೆಗೆ ಏನೇನೋ ಬಳಿದಿರುತ್ತಾರೆ, ಅದನ್ನು ಚೆನ್ನಾಗಿ ಒಗೆದೇ ಹೊಲಿಯಬೇಕು ಎಂದು ಅವರೇ ನನಗೆ ಕಲಿಸಿದ್ದು. ನಾನು ಪ್ರತಿ ಸಲವೂ ಬಟ್ಟೆಯ ಬಣ್ಣ ಹೋಗುವಷ್ಟು ಒಗೆಯುತ್ತಿದ್ದೆ.

"ಒಗೆದಿದ್ದೀನಿ. ಕುಕ್ಕಿ ಕುಕ್ಕಿ ಒಗೆದಿದ್ದೀನಿ. ನನ್ನ ಕೈ ನೋಡಿ ಬೇಕಾದ್ರೆ" ಎಂದು ಸಿಡಿದೆ.

"ಕೋಪ ಮಾಡ್ಕೋಬೇಡ. ಎಲ್ಲರನ್ನೂ ಕೇಳ್ತಿದ್ದೀನಿ."

"ಎಲ್ಲರನ್ನೂ ಕೇಳಿ. ನಿಮ್ಮನ್ನ ನೀವು ಕೇಳ್ಕೊಂಡ್ರಾ?"

ಆ ಹೊತ್ತಿಗೆ ನಾನು ಏನು ಅಂದೆ ಎಂದು ನನಗೇ ಗೊತ್ತಿರಲಿಲ್ಲ, ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದಿದ್ದೆ ಅಷ್ಟೆ. ಅತ್ತಿಗೆ ಕತ್ತರಿ ಕೆಳಗಿಟ್ಟು ಎದ್ದು ಹೋದರು.

ಮರುದಿನ ಉಳಿದ ಬಟ್ಟೆಯ ತುಂಡನ್ನು ತೆಗೆದುಕೊಂಡು ನಾನೇ ಪ್ರಯೋಗಾಲಯಕ್ಕೆ ಹೋದೆ. ತಪ್ಪು ನನ್ನದಲ್ಲ ಎಂದು ತೋರಿಸಿಯೇ ಬರಬೇಕು ಎಂಬ ಹಟ. ಅಲ್ಲಿ ಎಲ್ಲವನ್ನೂ ನೋಡಿಕೊಳ್ಳುವ ಡಾಕ್ಟರಮ್ಮ ಅತ್ತಿಗೆಗಿಂತ ಚಿಕ್ಕವರು, ಮೆಲುಮಾತಿನವರು. ನನ್ನ ಬಟ್ಟೆಯನ್ನು ಪಡೆದುಕೊಂಡು, "ಬಂದದ್ದು ಒಳ್ಳೇದಾಯ್ತು, ನೀವೂ ಕೂತ್ಕೊಳ್ಳಿ. ಇವತ್ತು ಬಟ್ಟೆ ಜೊತೆ ಕೈಗಳನ್ನೂ ಪರೀಕ್ಷೆ ಮಾಡ್ತಿದ್ದೀನಿ" ಅಂದರು.

ಪರೀಕ್ಷೆ ಸರಳವಾಗಿತ್ತು. ಬಾಯಿಗೆ ಪರದೆಬಟ್ಟೆ ಕಟ್ಟಿದ ಕಾಗದದ ಲೋಟಗಳು, ಒಳಗೆ ರೋಗವಿಲ್ಲದ ಕೆಲವು ಸೊಳ್ಳೆಗಳು. ಕೋಣೆಗೆ ಹೋಗಿಬರುವ ಒಬ್ಬೊಬ್ಬರೂ ಮಣಿಕಟ್ಟಿನ ಮೇಲಿನ ಮುಂಗೈಯನ್ನು ಆ ಪರದೆಗೆ ಒತ್ತಿ ಹಿಡಿಯಬೇಕು. ಮೊದಲು ನೆಲ ಒರೆಸುವವರು ಹಿಡಿದರು, ಸೊಳ್ಳೆಗಳು ಹಾರಿ ಬಂದು ಕೂತು ಕುಡಿದವು. ಡಾಕ್ಟರಮ್ಮ ಹಿಡಿದರು, ಅವರದ್ದನ್ನೂ ಕುಡಿದವು. ನನ್ನ ಕೈ ಕಂಡದ್ದೇ ತಡ, ಮುಗಿಬಿದ್ದವು. ನನ್ನ ಬಟ್ಟೆಯ ತುಂಡು ಹಾಕಿದ ಲೋಟದಲ್ಲೂ ಆರಾಮಾಗಿ ಓಡಾಡಿಕೊಂಡಿದ್ದವು. ನಾನು ಎದೆಯುಬ್ಬಿಸಿ ಅತ್ತಿಗೆಯ ಕಡೆ ನೋಡಿದೆ.

ಅತ್ತಿಗೆ ತಮ್ಮ ಕೈ ಇಟ್ಟರು. ಒಂದೆರಡು ಸೊಳ್ಳೆ ಬಂದು ಪರದೆಗೆ ಕಾಲು ತಾಗಿಸಿದವು, ತಕ್ಷಣ ಬಿಟ್ಟು ಹಾರಿದವು. ಉಳಿದವು ಲೋಟದ ತಳಕ್ಕೆ ಅಂಟಿಕೊಂಡು ಕೂತವು. ನಾವೆಲ್ಲ ನೋಡುತ್ತಿದ್ದ ಹಾಗೆಯೇ ಬಂದು ಹೋದ ಒಂದು ಸೊಳ್ಳೆ ಮಗುಚಿ ಬಿತ್ತು, ಕಾಲು ಅಲ್ಲಾಡಿಸಿತು, ಸುಮ್ಮನಾಯಿತು. ಅತ್ತಿಗೆ ಕೈ ತೆಗೆಯಲಿಲ್ಲ. ಇನ್ನೊಂದಾದರೂ ಬಂದೀತು ಎಂದು ಕಾಯುತ್ತಲೇ ಇದ್ದರು. ಎಲ್ಲರಿಗಿಂತ ಕಟ್ಟುನಿಟ್ಟಾಗಿದ್ದವರ ಕೈ ಅದು. ಗೆದ್ದೆ ಎಂಬ ನನ್ನ ಉತ್ಸಾಹವೆಲ್ಲ ಜರ್ರನೆ ಇಳಿದುಹೋಯಿತು.

"ಅಕ್ಕಾ, ನೀವು ಬೇಕು ಅಂತ ಮಾಡಿಲ್ಲ, ನಂಗೊತ್ತು. ಮನೇಲಿ ಏನೋ ಕೈಗೆ ಸೋಕ್ತಿದೆ. ಹುಡುಕಿ" ಅಂದರು ಡಾಕ್ಟರಮ್ಮ.

ಬಸ್ಸಿನಲ್ಲಿ ಅತ್ತಿಗೆ ಕೈಗಳೆರಡನ್ನೂ ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಿದ್ದರು, ಬೇರೆಯವರ ಕೈಗಳನ್ನು ನೋಡುವ ಹಾಗೆ ನೋಡುತ್ತ. ಮನೆಗೆ ಬಂದು ಇಬ್ಬರೂ ಸೋಪು, ಎಣ್ಣೆ, ಬಟ್ಟೆ ಒಣಗಿಸುವ ಹಗ್ಗ ಎಲ್ಲವನ್ನೂ ಮೂಸಿದೆವು. ಅಣ್ಣನ ಅಂಗಿಯನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ. ಮಗು ಮಲಗುವ ಕೋಣೆಗೆ ಹೋದಾಗ ಸುಮ್ಮನೆ ನನ್ನ ಕಣ್ಣು ಪರದೆಯ ಮೇಲೆ ಬಿತ್ತು. ನನ್ನದೇ ನೀಲಿ ಪಟ್ಟಿ. ಆದರೆ ಹೊಲಿಗೆ ನನ್ನದಲ್ಲ. ನಾನು ಪಟ್ಟಿಯನ್ನು ಒಳಮಡಿಕೆ ಕೊಟ್ಟು ಮಿಷನ್ನಿನಲ್ಲಿ ಹೊಲಿಯುತ್ತೇನೆ. ಇದು ಕೈಹೊಲಿಗೆ. ಯಾರೋ ಅವಸರದಲ್ಲಿ ಉದ್ದುದ್ದ ಟಾಕು ಹಾಕಿದ್ದರು.

"ಇದು ನನ್ನ ಪರದೆ ಅಲ್ಲ ಅತ್ತಿಗೆ" ಅಂದೆ.

ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ಅಣ್ಣನ ಮಗಳ ಮುಖ ಬಿಳಿಚಿಕೊಂಡಿತು. ಬಾಯಿಬಿಡಿಸುವ ಕಷ್ಟವನ್ನೇನೂ ಅವಳು ಕೊಡಲಿಲ್ಲ.

"ಆರೋಗ್ಯ ಕೇಂದ್ರದಲ್ಲಿ ಕೊಟ್ಟಿದ್ದು. ಔಷಧಿ ಹಾಕಿದ ಪರದೆ, ಸೊಳ್ಳೆ ಕೂತ್ರೆ ಸಾಯುತ್ತೆ ಅಂದ್ರು. ಎಳೆಮಕ್ಕಳಿರೋ ಮನೆಗೆಲ್ಲ ಕೊಡ್ತಾರೆ. ನಿಂಗೆ ಹೇಳಿದ್ರೆ ಬೇಡ ಅಂತಿದ್ದೆ. ಅದಕ್ಕೆ ಅತ್ತೆ ಹೊಲಿದ ಪಟ್ಟಿ ಬಿಚ್ಚಿ ನಾನೇ ಇದಕ್ಕೆ ಹಾಕಿದೆ."

ಅಷ್ಟೇ ವಿಷಯ. ಮಲೇರಿಯಾ ತಡೆಯಲೆಂದು ಕೊಟ್ಟ ಪರದೆ ಅದರ ಕೆಲಸವನ್ನು ಅದು ಸರಿಯಾಗಿಯೇ ಮಾಡಿತ್ತು. ಅತ್ತಿಗೆ ದಿನಾ ಬೆಳಿಗ್ಗೆ ಅದನ್ನು ಎತ್ತಿ, ಅದರೊಳಗೆ ಮಲಗಿದ್ದ ಮಗುವನ್ನು ತಬ್ಬಿ, ಮತ್ತೆ ಅದರ ಅಂಚನ್ನೆಲ್ಲ ಕೈಯಲ್ಲಿ ತೀಡಿ ಸಿಕ್ಕಿಸಿ, ಅದೇ ತೋಳುಗಳನ್ನು ಪಂಜರದೊಳಗೆ ತೂರಿಸುತ್ತಿದ್ದರು. ಕೋಣೆಯ ಬಾಗಿಲಲ್ಲಿ ಕೈ ತೊಳೆಯುತ್ತಿದ್ದರು, ನಿಜ. ಆದರೆ ತೊಳೆಯುತ್ತಿದ್ದದ್ದು ಮಣಿಕಟ್ಟಿನವರೆಗೆ. ಮಗುವನ್ನು ಯಾರೂ ಮಣಿಕಟ್ಟಿನಲ್ಲಿ ಎತ್ತಿಕೊಳ್ಳುವುದಿಲ್ಲ.

ಈಗ ರಾದ್ಧಾಂತ ಆಗುತ್ತದೆ ಎಂದು ನಾನು ಸೊಂಟ ಕಟ್ಟಿ ನಿಂತೆ. ಅಣ್ಣನ ಮಗಳೂ ಹಾಗೇ ತಿಳಿದಿದ್ದಳು.

"ಊರ ಮಕ್ಕಳಿಗೆಲ್ಲ ಲಸಿಕೆ ಮಾಡ್ತೀಯಾ, ಸರಿ. ಅದು ಬರೋ ತನಕ ನನ್ನ ಮಗು ಕಚ್ಚಿಸ್ಕೊಂಡಿರ್ಬೇಕಾ? ನಾನು ಪರದೆ ತೆಗೆಯಲ್ಲ" ಎಂದು ಮಗುವನ್ನು ಇನ್ನಷ್ಟು ಒತ್ತಿ ಹಿಡಿದಳು.

ಅತ್ತಿಗೆ ಪರದೆಯ ಹತ್ತಿರ ಹೋದರು. ಮುಟ್ಟಲು ಹೋದ ಕೈಯನ್ನು ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡರು.

"ತೆಗೀಬೇಡ. ನೀನು ಮಾಡಿದ್ದೇ ಸರಿ. ಮುಂಚೆನೇ ನಾನೇ ತರಬೇಕಿತ್ತು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಹಿಂದಿನ ಕೋಣೇಲಿ ಒಂದು ಚಾಪೆಗೆ ಜಾಗ ಆಗುತ್ತಾ?" ಎಂದು ಕೇಳಿದರು.

ತೋಳಿನ ತನಕ ತೊಳೆದು ಬಟ್ಟೆ ಬದಲಿಸಿದರೆ ಸಾಕು ಎಂದು ಡಾಕ್ಟರಮ್ಮ ಹೇಳಿದರು. ಬೇಕಾದರೆ ಆ ಕೋಣೆಯ ಕೆಲಸವನ್ನು ಸ್ವಲ್ಪ ಕಾಲ ಬೇರೆಯವರಿಗೆ ಕೊಡೋಣ ಎಂದೂ ಹೇಳಿದರು. ಅತ್ತಿಗೆ ಒಪ್ಪಲಿಲ್ಲ. ಹೊಸ ಮೊಟ್ಟೆಗಳಿಂದ ಮತ್ತೆ ಶುರುಮಾಡಬೇಕಿತ್ತು. ಮರಿಹುಳು ಬೆಳೆದು, ರೆಕ್ಕೆ ಬಂದು, ರೋಗದ ರಕ್ತ ಕುಡಿದು, ಅದು ಒಳಗೆ ಬಲಿಯುವ ಹೊತ್ತಿಗೆ ಕಚ್ಚಿಸುವ ದಿನ ಬಂದೇಬಿಡುತ್ತಿತ್ತು. ಇನ್ನೊಂದು ಸಲ ಸತ್ತರೆ ಮೂರನೆಯ ಅವಕಾಶವಿರಲಿಲ್ಲ. "ಅಷ್ಟು ಜನ ನಂಬಿ ಚುಚ್ಚಿಸ್ಕೊಂಡಿದ್ದಾರೆ. ಇದು ಮುಗಿಯೋ ತನಕ ನಾನು ಆ ಮನೆ ಬಾಗಿಲು ದಾಟಲ್ಲ" ಎಂದುಬಿಟ್ಟರು. ನನಗೆ ಇದು ಅತಿಯಾಯಿತು ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಅಣ್ಣನಂತೂ ಮುಖ ಊದಿಸಿಕೊಂಡು, ಬೇಕರಿಯಿಂದ ಬಂದವನು ಬ್ರೆಡ್ಡನ್ನು ನನ್ನ ಕಟ್ಟೆಯ ಮೇಲೆ ಇಟ್ಟು, "ನಿಮ್ಮತ್ತಿಗೆಗೆ ಕೊಡು. ಮಾತಾಡಿಸ್ಬೇಡ ಅಂತ ಹೇಳು" ಎಂದು ಹೋಗುತ್ತಿದ್ದ. ಎರಡನೆಯ ವಾರದಿಂದ ಅಲ್ಲೇ ಕೂತು ಇಬ್ಬರೂ ತಿನ್ನತೊಡಗಿದರು.

ಬೆಳಿಗ್ಗೆ ಅತ್ತಿಗೆ ಬಸ್ಸಿಗೆ ಹೊರಡುವ ಹೊತ್ತಿಗೆ ಎದುರುಮನೆಯ ಕಿಟಕಿ ತೆರೆದುಕೊಳ್ಳುತ್ತಿತ್ತು. ಅಣ್ಣನ ಮಗಳು ಮಗುವನ್ನು ಸರಳಿನ ಹತ್ತಿರ ಎತ್ತಿ ಹಿಡಿಯುತ್ತಿದ್ದಳು. ಅತ್ತಿಗೆ ಬೀದಿಯ ಈಚೆ ದಡದಲ್ಲಿ ನಿಂತು ಕೈ ಬೀಸುತ್ತಿದ್ದರು. ಮೊದಮೊದಲು ಮಗು ಇವರ ಕಡೆ ವಾಲಿ, ಸರಳಿನಾಚೆಗೆ ತೋಳು ಚಾಚಿ ರಚ್ಚೆ ಹಿಡಿಯುತ್ತಿತ್ತು. ಅತ್ತಿಗೆ ಬೆನ್ನು ಹಾಕಿ ಬಿರಬಿರನೆ ನಡೆದುಬಿಡುತ್ತಿದ್ದರು. ದಿನ ಕಳೆದ ಹಾಗೆ ಮಗು ಅಳುವುದನ್ನು ಬಿಟ್ಟಿತು. ಚಾಚಿದ ಕೈಯ ಬೆರಳು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ಅದೂ ಕೈ ಬೀಸುವುದನ್ನು ಕಲಿಯಿತು. "ನೋಡಿದ್ಯಾ, ನನ್ನ ನೋಡಿ ಕಲಿತಳು" ಎಂದು ಅತ್ತಿಗೆ ಹಿರಿಹಿರಿ ಹಿಗ್ಗಿದರು.

ಸೊಳ್ಳೆಗಳು ಬದುಕಿದವು. ಕಚ್ಚಿಸುವ ದಿನ ಎಲ್ಲವೂ ಸುಸೂತ್ರವಾಗಿ ಮುಗಿಯಿತು. ಅವತ್ತು ಸಂಜೆ ಅತ್ತಿಗೆ ಬಸ್ಸಿಳಿದವರು ನನ್ನ ಅಂಗಡಿಯ ಕಡೆ ತಿರುಗಿಯೂ ನೋಡದೆ ನೇರ ತಮ್ಮ ಮನೆಯ ಹೊಸ್ತಿಲಿಗೆ ಹೋಗಿ ನಿಂತರು. ಚೀಲ ಕೆಳಗಿಟ್ಟು ಎರಡೂ ಕೈ ಚಾಚಿದರು. ಒಳಗೆ ಪುಟ್ಟಿ ಅವರಮ್ಮನ ಮಡಿಲಲ್ಲಿ ಕೂತಿದ್ದಳು. ಅಜ್ಜಿಯನ್ನು ನೋಡಿ ಬಾಯಗಲಿಸಿ ನಕ್ಕಳು. ನಕ್ಕು, ಅಲ್ಲಿಂದಲೇ ಕೈ ಬೀಸಿದಳು.

ಅತ್ತಿಗೆ ಹತ್ತಿರ ಹೋಗಿ ಎತ್ತಿಕೊಂಡರು. ಮಗು ಅವರ ತೋಳಿನಲ್ಲಿ ಸೆಟೆದುಕೊಂಡು, ಗೊತ್ತಿಲ್ಲದವರು ಎತ್ತಿಕೊಂಡ ಹಾಗೆ ಮುಖವನ್ನೇ ನೋಡಿ, ಅಮ್ಮನ ಕಡೆ ವಾಲಿತು. ಅತ್ತಿಗೆ ಅದನ್ನು ಮೆಲ್ಲಗೆ ವಾಪಸು ಕೊಟ್ಟರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತರು. ಮದುವೆಯಾಗಿ ಬಂದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ. ಯಾವ ಲಸಿಕೆಯೂ ಬೇಡ, ಯಾವ ಪ್ರಯೋಗಾಲಯವೂ ಬೇಡ, ಎಲ್ಲ ಹಾಳಾಗಿ ಹೋಗಲಿ ಅಂತ ಆ ಕ್ಷಣಕ್ಕೆ ನನಗೆ ಅನ್ನಿಸಿತ್ತು.

ಆ ಸಲದ ಲಸಿಕೆ ಗೆಲ್ಲಲಿಲ್ಲ. ಪೂರ್ತಿ ಸೋಲಲೂ ಇಲ್ಲ. ಚುಚ್ಚಿಸಿಕೊಂಡವರಲ್ಲಿ ಕೆಲವರಿಗೆ ಜ್ವರ ಬಂತು, ಕೆಲವರಿಗೆ ಬರಲಿಲ್ಲ. "ಯಾಕೆ ಕೆಲವರಿಗೆ ಬರಲಿಲ್ಲ ಅನ್ನೋದೇ ಈಗ ನಮ್ಮ ಕೆಲಸ" ಎಂದು ಡಾಕ್ಟರಮ್ಮ ಮತ್ತೆ ಮೊದಲಿಂದ ಶುರುಮಾಡಿದರು. ಅತ್ತಿಗೆಯೂ ಶುರುಮಾಡಿದರು. ಪುಟ್ಟಿಯ ಸೆಡವು ನಾಲ್ಕು ದಿನದಲ್ಲಿ ಇಳಿಯಿತು, ಮತ್ತೆ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು. ಆದರೆ ಪರೀಕ್ಷೆ ಹತ್ತಿರವಾದಾಗಲೆಲ್ಲ ಅತ್ತಿಗೆಯ ಚಾಪೆ ಬೀದಿ ದಾಟಿ ನನ್ನ ಕೋಣೆಗೆ ಬರುತ್ತಿತ್ತು, ಕಿಟಕಿಯಲ್ಲಿ ಕೈ ಬೀಸುವುದು ನಡೆಯುತ್ತಿತ್ತು. ಹೀಗೇ ವರ್ಷಗಳು ಹೋದವು. ಅಜ್ಜಿ ಎಂದರೆ ಒಮ್ಮೆ ತಬ್ಬಿಕೊಳ್ಳುವವಳು, ಒಮ್ಮೆ ದೂರದಿಂದ ಕೈ ಬೀಸುವವಳು ಎಂದು ಪುಟ್ಟಿ ಒಪ್ಪಿಕೊಂಡುಬಿಟ್ಟಿದ್ದಳು.

ಕೊನೆಗೆ ಮಲೇರಿಯಾದ ಲಸಿಕೆ ನಮ್ಮ ಆರೋಗ್ಯ ಕೇಂದ್ರಕ್ಕೂ ಬಂತು. ನಮ್ಮವರದಲ್ಲ, ಬೇರೆ ಯಾರೋ ಬೇರೆಲ್ಲೋ ಮಾಡಿದ್ದು. ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ಅತ್ತಿಗೆಗೆ ಅದೇನೂ ಇರಲಿಲ್ಲ. "ಅಲ್ಲೂ ಯಾರೋ ಸೊಳ್ಳೆ ಸಾಕಿರ್ತಾರೆ" ಅಂದರು, ಅಷ್ಟೆ. ಪುಟ್ಟಿ ಆಗ ಶಾಲೆಗೆ ಹೋಗುವಷ್ಟು ದೊಡ್ಡವಳಾಗಿದ್ದಳು. ಅವಳಿಗೊಬ್ಬ ತಮ್ಮ ಹುಟ್ಟಿದ್ದ. ಚುಚ್ಚುಮದ್ದು ಅವನಿಗೆ.

ಅವತ್ತು ನಾವೆಲ್ಲ ಹೋದೆವು. ಅತ್ತಿಗೆಯ ಪಂಜರಗಳಲ್ಲಿ ಆಗಲೂ ಪರೀಕ್ಷೆಗೆಂದು ಸೊಳ್ಳೆಗಳು ಬೆಳೆಯುತ್ತಿದ್ದವು. ಮಗುವನ್ನು ನೋಡಿ ಹಾಗೆಯೇ ಕೆಲಸಕ್ಕೆ ಹೋಗುತ್ತೇನೆ ಎಂದು ಅವರು ಕೇಂದ್ರದ ಬಾಗಿಲಾಚೆಯೇ ಕೈಕಟ್ಟಿ ನಿಂತಿದ್ದರು. ಒಳಗೆ ಗೋಡೆಯ ಪಕ್ಕದಲ್ಲಿ ಔಷಧಿ ಪರದೆಗಳ ಕಟ್ಟು ಪೇರಿಸಿಟ್ಟಿದ್ದರು, ಬಂದ ತಾಯಂದಿರೆಲ್ಲ ಅವನ್ನು ಮುಟ್ಟಿ ನೋಡುತ್ತಿದ್ದರು.

"ಇಂಜೆಕ್ಷನ್ ಆಯ್ತು ಅಂತ ಪರದೆ ಬಿಡ್ಬೇಡಿ, ಎರಡೂ ಬೇಕು" ಎಂದು ನರ್ಸಮ್ಮ ಎಲ್ಲರಿಗೂ ಹೇಳುತ್ತಿದ್ದರು. ಅಣ್ಣನ ಮಗಳು ಬಾಗಿಲ ಕಡೆ ತಿರುಗಿ ಅಮ್ಮನನ್ನು ನೋಡಿದಳು. ಅತ್ತಿಗೆ ಅಲ್ಲಿಂದಲೇ ಹೌದು ಎಂದು ತಲೆಯಾಡಿಸಿದರು.

ಸೂಜಿ ಚುಚ್ಚಿದ್ದೇ ತಡ, ಹುಡುಗ ಕಟ್ಟಡ ಹಾರಿಹೋಗುವ ಹಾಗೆ ಕಿರುಚಿದ. ಅವನಮ್ಮ ತಟ್ಟಿದಳು, ಕೇಳಲಿಲ್ಲ. ನಾನು ನಾಲಿಗೆ ಚಾಚಿ ಅಣಕಿಸಿದೆ, 'ಹೋ' ಎಂದು ಇನ್ನೂ ಜೋರು ಮಾಡಿದ. ಆಗ ಪುಟ್ಟಿ ಮುಂದೆ ಬಂದು, ತಮ್ಮನ ಪುಟ್ಟ ಕೈಯ ಮಣಿಕಟ್ಟು ಹಿಡಿದು, ಅದನ್ನು ಬಾಗಿಲ ಕಡೆ ತಿರುಗಿಸಿ ಮೆಲ್ಲಗೆ ಆಡಿಸಿದಳು.

"ಅಳಬಾರ್ದು. ಹೀಗೆ ಕೈ ಬೀಸ್ಬೇಕು. ನಾನೂ ಚಿಕ್ಕವಳಿದ್ದಾಗ ದಿನಾ ಬೀಸ್ತಿದ್ದೆ. ತುಂಬಾ ದಿನ ಬೀಸಿದ್ರೆ ಅಜ್ಜಿ ಬಂದು ಎತ್ಕೋತಾಳೆ" ಅಂದಳು.

ಅತ್ತಿಗೆಗೆ ಅದು ಕೇಳಿಸಿತು. ಅವರು ಕಟ್ಟಿದ್ದ ಕೈಗಳನ್ನು ಬಿಚ್ಚಿ ಒಂದು ಸಲ ನೋಡಿಕೊಂಡರು. ಆಮೇಲೆ ಒಳಗೆ ಬಂದರು. ಪರದೆಗಳ ಕಟ್ಟಿಗೆ ಅವರ ಬಟ್ಟೆ ತಾಗಿತು, ಅದನ್ನು ಅವರು ನೋಡಲೂ ಇಲ್ಲ. ಹುಡುಗನನ್ನು ಒಂದು ತೋಳಿನಲ್ಲಿ ಎತ್ತಿಕೊಂಡು, ಇನ್ನೊಂದರಲ್ಲಿ ಪುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ನನ್ನ ಕಡೆ ತಿರುಗಿದರು.

"ಡಾಕ್ಟರಮ್ಮನಿಗೆ ಒಂದು ಫೋನ್ ಮಾಡು. ಈ ಸಲ ಪಂಜರಕ್ಕೆ ಬೇರೆ ಯಾರಾದ್ರೂ ಕೈ ಹಾಕ್ಲಿ ಅಂತ ಹೇಳು" ಅಂದರು.